ಪುಸ್ತಕ ಒಂದೇ, ಮುಖ ಹಲವು: ದೇಶ ಬದಲಾದರೆ ಮುಖಪುಟ, ಹೆಸರು ಬದಲಾಗುವುದೇಕೆ?

ಹಳೆಯ ಪುಸ್ತಕದಂಗಡಿಯಲ್ಲಿ ಅಗಾಥಾ ಕ್ರಿಸ್ಟಿಯ ಎರಡು ಪತ್ತೇದಾರಿ ಕಾದಂಬರಿಗಳು ನಿಮ್ಮ ಕೈಗೆ ಸಿಕ್ಕವು ಎಂದುಕೊಳ್ಳಿ. ಒಂದರ ಹೆಸರು ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’, ಇನ್ನೊಂದರದು ‘ಮರ್ಡರ್ ಇನ್ ದಿ ಕ್ಯಾಲೆ ಕೋಚ್’. ಮುಖಪುಟದ ಚಿತ್ರ ಬೇರೆ, ಪ್ರಕಾಶಕರು ಬೇರೆ. ಎರಡಕ್ಕೂ ದುಡ್ಡು ಕೊಟ್ಟು ಮನೆಗೆ ತರುತ್ತೀರಿ. ಮೊದಲನೆಯದನ್ನು ಮುಗಿಸಿ ಎರಡನೆಯದನ್ನು ತೆರೆದರೆ ಅದೇ ರೈಲು, ಅದೇ ಹಿಮ, ಅದೇ ಕೊಲೆ, ಅದೇ ಪತ್ತೇದಾರ! ಅಂಗಡಿಯವನು ಮೋಸ ಮಾಡಿದ್ದಲ್ಲ. 1934ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಹೆಸರಿನಿಂದ ಬಂದ ಕಾದಂಬರಿ, ಅದೇ ವರ್ಷ ಅಮೆರಿಕದಲ್ಲಿ ಎರಡನೆಯ ಹೆಸರಿನಿಂದ ಪ್ರಕಟವಾಗಿತ್ತು.

ಇಂಥ ಬದಲಾವಣೆ ಅಪರೂಪವೇನಲ್ಲ. ಪುಸ್ತಕೋದ್ಯಮದಲ್ಲಿ ಅದು ದಿನನಿತ್ಯದ ಕೆಲಸ. ಯಾಕೆ ಹೀಗೆ ಎಂದು ಕೇಳಿದರೆ “ಒಂದೊಂದು ದೇಶದವರ ಅಭಿರುಚಿ ಒಂದೊಂದು ಥರ, ಅದಕ್ಕೇ ಬದಲಾಯಿಸುತ್ತಾರೆ” ಎಂಬ ಉತ್ತರ ಸಿಗುತ್ತದೆ. ಅದು ಅರ್ಧ ಸತ್ಯ ಮಾತ್ರ. ಕೆಲವು ಬದಲಾವಣೆಗಳಿಗೆ ಸರಳವಾದ ವ್ಯಾವಹಾರಿಕ ಕಾರಣ ಇರುತ್ತದೆ. ಕೆಲವು ತಪ್ಪು ತಿಳುವಳಿಕೆಯಿಂದ ಹುಟ್ಟುತ್ತವೆ. ಇನ್ನು ಕೆಲವು, ಪುಸ್ತಕದೊಳಗಿನ ಮನುಷ್ಯರ ಬಗ್ಗೆ ಸುಳ್ಳನ್ನೇ ಹೇಳುತ್ತವೆ. ಇವನ್ನು ಬೇರ್ಪಡಿಸಿ ನೋಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಕನ್ನಡದ ಕೃತಿಗಳು ಇಂಗ್ಲಿಷಿನ ಮೂಲಕ ಬೇರೆ ಬೇರೆ ದೇಶಗಳ ಅಂಗಡಿಗಳನ್ನು ತಲುಪುತ್ತಿರುವ ಈ ಹೊತ್ತಿನಲ್ಲಿ ಈ ಪ್ರಶ್ನೆ ನಮಗೂ ಹತ್ತಿರದ್ದೇ.

ಮುಖಪುಟವನ್ನು ಲೇಖಕರೇ ಆರಿಸುತ್ತಾರೆಯೇ?

ಬಹಳಷ್ಟು ಓದುಗರು ಹಾಗೆಂದೇ ನಂಬಿದ್ದಾರೆ. ಕನ್ನಡದಲ್ಲಿ ಲೇಖಕರು, ಪ್ರಕಾಶಕರು, ಮುಖಪುಟ ಕಲಾವಿದರು ಪರಸ್ಪರ ಪರಿಚಿತರಾಗಿರುವುದು ಸಾಮಾನ್ಯವಾದ್ದರಿಂದ ಈ ನಂಬಿಕೆ ಸಹಜ ಕೂಡ. ಆದರೆ ಇಂಗ್ಲಿಷಿನ ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಮುಖಪುಟದ ಕೊನೆಯ ತೀರ್ಮಾನ ಪ್ರಕಾಶಕರದು. ಲೇಖಕರ ಅಭಿಪ್ರಾಯ ಕೇಳುತ್ತಾರೆ, ಒಪ್ಪಿಗೆಗಾಗಿ ಕಾಯಲೇಬೇಕೆಂದಿಲ್ಲ. ಸಂಪಾದಕರ ಜೊತೆಗೆ ಮಾರಾಟ ವಿಭಾಗದವರು, ಕೆಲವೊಮ್ಮೆ ದೊಡ್ಡ ಪುಸ್ತಕ ಮಳಿಗೆಗಳ ಖರೀದಿದಾರರು ಕೂಡ ಮಾತು ಸೇರಿಸುತ್ತಾರೆ.

ಇದರ ಹಿಂದೆ ಹಕ್ಕುಗಳ ಹಂಚಿಕೆ ಇದೆ. ಒಂದು ಇಂಗ್ಲಿಷ್ ಕಾದಂಬರಿಯ ಹಕ್ಕನ್ನು ಇಡೀ ಜಗತ್ತಿಗೆ ಒಬ್ಬರೇ ಕೊಳ್ಳಬೇಕೆಂದಿಲ್ಲ. ಬ್ರಿಟನ್ ಮತ್ತು ಕಾಮನ್‌ವೆಲ್ತ್ ದೇಶಗಳಿಗೆ ಒಬ್ಬ ಪ್ರಕಾಶಕ, ಅಮೆರಿಕಕ್ಕೆ ಇನ್ನೊಬ್ಬ, ಭಾರತ ಉಪಖಂಡಕ್ಕೆ ಮತ್ತೊಬ್ಬ ಇರಬಹುದು. ‘ಭಾರತ ಉಪಖಂಡದಲ್ಲಿ ಮಾತ್ರ ಮಾರಾಟಕ್ಕೆ’ ಎಂಬ ಅರ್ಥದ ಸಾಲನ್ನು ಇಂಗ್ಲಿಷ್ ಪಠ್ಯಪುಸ್ತಕಗಳ ಮೇಲೆ ನೀವು ನೋಡಿರುತ್ತೀರಿ. ಅದು ಇದೇ ಹಂಚಿಕೆಯ ಗುರುತು. ಒಬ್ಬೊಬ್ಬ ಪ್ರಕಾಶಕನೂ ತನ್ನ ದುಡ್ಡು ಹಾಕಿ, ತನ್ನ ಅಂಗಡಿಗಳಿಗೆ, ತನ್ನ ಓದುಗರಿಗೆ ಮಾರಬೇಕು. ಆದ್ದರಿಂದ ಪಠ್ಯ ಒಂದೇ ಆದರೂ ವ್ಯಾಪಾರದ ದೃಷ್ಟಿಯಿಂದ ಅದು ಹಲವು ಸರಕುಗಳಾಗಿ ಒಡೆಯುತ್ತದೆ.

ಹಾಗೆಂದು ಲೇಖಕರು ಸುಮ್ಮನಿದ್ದಾರೆ ಎಂದಲ್ಲ. ಮನುಷ್ಯನೊಬ್ಬ ಬೆಳಗಾಗುವಷ್ಟರಲ್ಲಿ ಕೀಟವಾಗುವ ಫ್ರಾಂಜ್ ಕಾಫ್ಕಾನ ‘ರೂಪಾಂತರ’ದ ಕಥೆ ಬಹಳ ಜನರಿಗೆ ಗೊತ್ತು. 1915ರಲ್ಲಿ ಆ ಪುಸ್ತಕ ಅಚ್ಚಿಗೆ ಹೋಗುವಾಗ ಕಾಫ್ಕಾ ಪ್ರಕಾಶಕರಿಗೆ ಪತ್ರ ಬರೆದು, ಆ ಕೀಟವನ್ನು ಮಾತ್ರ ಚಿತ್ರಿಸಬೇಡಿ, ದೂರದಿಂದ ಕಂಡಂತೆಯೂ ಬೇಡ ಎಂದು ಬೇಡಿಕೊಂಡಿದ್ದ. ಅವನ ಮಾತು ನಡೆಯಿತು. ಕಲಾವಿದ ಓಟೋಮಾರ್ ಸ್ಟಾರ್ಕೆ ಬರೆದ ಮುಖಪುಟದಲ್ಲಿ ಇರುವುದು ಒಂದು ತೆರೆದ ಬಾಗಿಲು, ಮುಖ ಮುಚ್ಚಿಕೊಂಡು ಅದರಿಂದ ದೂರ ಸರಿಯುತ್ತಿರುವ ಒಬ್ಬ ಮನುಷ್ಯ. ಕೀಟ ಹೇಗಿದೆ ಎಂಬುದನ್ನು ಓದುಗನ ಕಲ್ಪನೆಗೆ ಬಿಡಬೇಕೆಂಬುದು ಕೃತಿಯ ಜೀವಾಳ. ಆದರೆ ಕಾಫ್ಕಾ ಸತ್ತ ಮೇಲೆ ಜಗತ್ತಿನಾದ್ಯಂತ ಬಂದ ಆವೃತ್ತಿಗಳಲ್ಲಿ ಎಷ್ಟೋ ಮುಖಪುಟಗಳ ಮೇಲೆ ದೊಡ್ಡ ಜಿರಳೆ, ಜೀರುಂಡೆಗಳೇ ಕೂತಿವೆ.

ಹೆಸರು ಏಕೆ ಬದಲಾಗುತ್ತದೆ?

ಹೆಸರು ಬದಲಾಯಿಸುವುದಕ್ಕೆ ಕಾರಣಗಳು ಹಲವು. ಮುಖ್ಯವಾದ ನಾಲ್ಕನ್ನು ನೋಡೋಣ.

ಮೊದಲನೆಯದು ಹೆಸರುಗಳ ಡಿಕ್ಕಿ. ಕ್ರಿಸ್ಟಿಯ ಕಾದಂಬರಿಗೆ ಆದದ್ದು ಇದೇ. ಗ್ರಹಾಂ ಗ್ರೀನ್ 1932ರಲ್ಲಿ ಬರೆದ ‘ಸ್ತಾಂಬೂಲ್ ಟ್ರೇನ್’ ಅಮೆರಿಕದಲ್ಲಿ 1933ರಲ್ಲಿ ‘ಓರಿಯಂಟ್ ಎಕ್ಸ್‌ಪ್ರೆಸ್’ ಎಂಬ ಹೆಸರಿನಲ್ಲಿ ಬಂದಿತ್ತು. ಮರುವರ್ಷವೇ ಅದೇ ರೈಲಿನ ಹೆಸರಿನ ಇನ್ನೊಂದು ಕಾದಂಬರಿ ಬಂದರೆ ಗೊಂದಲ ಖಚಿತ. ಹಾಗಾಗಿ ಕ್ರಿಸ್ಟಿಯ ಪುಸ್ತಕಕ್ಕೆ ಕ್ಯಾಲೆಗೆ ಹೋಗುವ ಬೋಗಿಯ ಹೆಸರು ಬಂತು. ಇಲ್ಲಿ ಕಾನೂನಿನ ಬಗ್ಗೆ ಒಂದು ಮಾತು. ಪುಸ್ತಕದ ಹೆಸರನ್ನು ‘ಕಾಪಿರೈಟ್’ ಕಾಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಿಲ್ಲ. ‘ದೇಸಿ ಬಾಯ್ಸ್’ ಎಂಬ ಹಿಂದಿ ಚಲನಚಿತ್ರದ ಶೀರ್ಷಿಕೆಯ ವಿವಾದದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2015ರಲ್ಲಿ, ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯದ ರಕ್ಷಣೆ ಇಲ್ಲ ಎಂದು ಹೇಳಿದೆ. ಅಂದರೆ ಹೆಸರುಗಳ ಡಿಕ್ಕಿಯನ್ನು ತಪ್ಪಿಸುವುದು ಹೆಚ್ಚಾಗಿ ವ್ಯಾಪಾರದ ಜಾಣ್ಮೆ, ಕಾನೂನಿನ ಒತ್ತಾಯ ಕಡಿಮೆ.

ಎರಡನೆಯದು “ನಮ್ಮ ಓದುಗರಿಗೆ ಇದು ಅರ್ಥವಾಗದು” ಎಂಬ ಅನುಮಾನ. ಇದಕ್ಕೆ ಪ್ರಸಿದ್ಧ ಉದಾಹರಣೆ ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕ. 1997ರಲ್ಲಿ ಬ್ರಿಟನ್ನಿನಲ್ಲಿ ಬಂದಾಗ ಅದರ ಹೆಸರಿನಲ್ಲಿದ್ದದ್ದು ‘ಫಿಲಾಸಫರ್ಸ್ ಸ್ಟೋನ್’. 1998ರಲ್ಲಿ ಅಮೆರಿಕಕ್ಕೆ ಹೋದಾಗ ಅದು ‘ಸಾರ್ಸರರ್ಸ್ ಸ್ಟೋನ್’ ಆಯಿತು. ತತ್ವಜ್ಞಾನಿ ಎಂಬ ಅರ್ಥ ಬರುವ ಪದ ನೋಡಿದರೆ ಅಮೆರಿಕದ ಮಕ್ಕಳು ಪುಸ್ತಕ ಮುಟ್ಟುವುದಿಲ್ಲ, ಮಂತ್ರವಾದಿ ಎಂದರೆ ಮುಟ್ಟುತ್ತಾರೆ ಎಂಬ ಲೆಕ್ಕ.

ಈ ಬದಲಾವಣೆಯಲ್ಲಿ ಕಳೆದುಹೋದದ್ದೇನು? ‘ಫಿಲಾಸಫರ್ಸ್ ಸ್ಟೋನ್’ ಲೇಖಕಿ ಹುಟ್ಟುಹಾಕಿದ ಪದವಲ್ಲ. ಕೀಳು ಲೋಹವನ್ನು ಚಿನ್ನ ಮಾಡುವ, ಅಮರತ್ವ ಕೊಡುವ ವಸ್ತುವಿಗಾಗಿ ಯುರೋಪಿನ ರಸವಾದಿಗಳು ಶತಮಾನಗಳ ಕಾಲ ಹುಡುಕಿದರು. ಅದರ ಹೆಸರೇ ಇದು. ಕಥೆಯಲ್ಲಿ ಬರುವ ನಿಕೊಲಾ ಫ್ಲಮೆಲ್ ಕೂಡ ಪ್ಯಾರಿಸ್ಸಿನಲ್ಲಿ ನಿಜವಾಗಿ ಬದುಕಿದ್ದ ವ್ಯಕ್ತಿ. ರಸವಾದಿ ಎಂಬ ಖ್ಯಾತಿ ಅವನಿಗೆ ಅಂಟಿಕೊಂಡದ್ದು ಸತ್ತ ಮೇಲೆ. ‘ಸಾರ್ಸರರ್ಸ್ ಸ್ಟೋನ್’ ಎಂಬ ವಸ್ತು ಯಾವ ಪುರಾಣದಲ್ಲೂ ಇಲ್ಲ. ಹೆಸರು ಸುಲಭವಾಯಿತು, ಆದರೆ ಅದಕ್ಕಿದ್ದ ಇತಿಹಾಸದ ಬೇರು ತುಂಡಾಯಿತು. ಈ ಬದಲಾವಣೆಗೆ ಒಪ್ಪಿದ್ದಕ್ಕಾಗಿ ಲೇಖಕಿ ಜೆ. ಕೆ. ರೌಲಿಂಗ್ ಮುಂದೆ ವಿಷಾದ ವ್ಯಕ್ತಪಡಿಸಿದ್ದಾರೆ.

ಇದೇ ಪುಸ್ತಕದ ಹಿಂದಿ ಅನುವಾದದ ಹೆಸರು ‘ಹ್ಯಾರಿ ಪಾಟರ್ ಔರ್ ಪಾರಸ್ ಪತ್ಥರ್’. ಪಾರಸ್ ಪತ್ಥರ್ ಎಂದರೆ ನಮ್ಮ ಪರುಷಮಣಿ, ಮುಟ್ಟಿದ ಕಬ್ಬಿಣವನ್ನು ಚಿನ್ನವಾಗಿಸುವ ಕಲ್ಲು. ಪದಕ್ಕೆ ಪದ ಇಡದೆ, ಓದುಗರ ಮನೆಯಲ್ಲಿ ಆಗಲೇ ಇರುವ ಕಥೆಯನ್ನು ಇಲ್ಲಿ ಎತ್ತಿಕೊಂಡಿದ್ದಾರೆ. ಅಮೆರಿಕದ ಆವೃತ್ತಿ ಅದೇ ಭಾಷೆಯಲ್ಲಿದ್ದೂ ಅರ್ಥದಿಂದ ದೂರ ಹೋಯಿತು. ಹಿಂದಿಯದು ಬೇರೆ ಭಾಷೆಯಾಗಿಯೂ ಅರ್ಥಕ್ಕೆ ಹತ್ತಿರ ಉಳಿಯಿತು. ಬದಲಾವಣೆ ಆಗಿದೆಯೇ ಎನ್ನುವುದಕ್ಕಿಂತ ಏನನ್ನು ಉಳಿಸಿಕೊಂಡು ಬದಲಾಯಿಸಿದ್ದಾರೆ ಎಂಬುದೇ ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮೂರನೆಯದು ಶುದ್ಧ ತಪ್ಪು ತಿಳುವಳಿಕೆ. ಫಿಲಿಪ್ ಪುಲ್‌ಮನ್ 1995ರಲ್ಲಿ ಬರೆದ ‘ನಾರ್ದರ್ನ್ ಲೈಟ್ಸ್’ ಅಮೆರಿಕದಲ್ಲಿ ‘ದಿ ಗೋಲ್ಡನ್ ಕಂಪಾಸ್’ ಆಯಿತು. ಇಡೀ ಸರಣಿಗೆ ಪುಲ್‌ಮನ್ ಮೊದಲು ಯೋಚಿಸಿದ್ದ ಹೆಸರು ‘ದಿ ಗೋಲ್ಡನ್ ಕಂಪಾಸಸ್’. ಕವಿ ಮಿಲ್ಟನ್‌ನ ‘ಪ್ಯಾರಡೈಸ್ ಲಾಸ್ಟ್’ನಲ್ಲಿ ದೇವರು ಸೃಷ್ಟಿಯ ಎಲ್ಲೆಯನ್ನು ಗೀಚುವ ಚಿನ್ನದ ಉಪಕರಣ ಅದು. ಆದರೆ ಕಥೆಯ ನಾಯಕಿಯ ಕೈಯಲ್ಲಿ ನೋಡುವುದಕ್ಕೆ ದಿಕ್ಸೂಚಿಯಂತೆಯೇ ಇರುವ ಒಂದು ಯಂತ್ರವಿದೆ. ಅಮೆರಿಕದ ಪ್ರಕಾಶಕರು ಹೆಸರು ಅದನ್ನೇ ಸೂಚಿಸುತ್ತದೆ ಎಂದುಕೊಂಡರು. ಲೇಖಕರು ತಮ್ಮ ಹೆಸರನ್ನು ಬದಲಿಸಿಕೊಂಡ ಮೇಲೂ ಅವರು ಬಿಡಲಿಲ್ಲ. ಕನ್ನಡದಲ್ಲಾದರೆ ಈ ಎಡವಟ್ಟು ಆಗುತ್ತಲೇ ಇರಲಿಲ್ಲ. ವೃತ್ತ ಎಳೆಯುವುದು ಕೈವಾರ, ದಿಕ್ಕು ತೋರಿಸುವುದು ದಿಕ್ಸೂಚಿ. ಇಂಗ್ಲಿಷಿನಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಪದ!

ನಾಲ್ಕನೆಯದು ಸೂಕ್ಷ್ಮತೆ. ಕ್ರಿಸ್ಟಿಯ 1939ರ ಒಂದು ಕಾದಂಬರಿಯ ಬ್ರಿಟಿಷ್ ಹೆಸರಿನಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಪದವಿತ್ತು. ಅಮೆರಿಕದಲ್ಲಿ 1940ರಲ್ಲೇ ಅದು ‘ಅಂಡ್ ದೆನ್ ದೇರ್ ವರ್ ನನ್’ ಆಯಿತು. ಬ್ರಿಟನ್ನಿನಲ್ಲಿ ಹಳೆಯ ಹೆಸರು ಹೋಗಲು 1980ರ ದಶಕದವರೆಗೆ ಕಾಯಬೇಕಾಯಿತು. ಇಲ್ಲಿ ಬದಲಾವಣೆಯಿಂದ ಕೃತಿಗೆ ನಷ್ಟವೇನೂ ಆಗಲಿಲ್ಲ. ಆದರೆ ಎಲ್ಲ ಪ್ರಕರಣಗಳೂ ಇಷ್ಟು ಸಲೀಸಲ್ಲ. ಕೆನಡಾದ ಲಾರೆನ್ಸ್ ಹಿಲ್ 2007ರಲ್ಲಿ ಬರೆದ ‘ದಿ ಬುಕ್ ಆಫ್ ನೀಗ್ರೋಸ್’ ಕಾದಂಬರಿ ಅಮೆರಿಕದಲ್ಲಿ ‘ಸಮ್‌ಒನ್ ನೋಸ್ ಮೈ ನೇಮ್’ ಎಂಬ ಹೆಸರು ಪಡೆಯಿತು. ಮೂಲ ಹೆಸರಿನಲ್ಲಿರುವುದು ಲೇಖಕರ ಪದವಲ್ಲ. ಅದು 1783ರ ಒಂದು ನಿಜವಾದ ದಾಖಲೆ ಪುಸ್ತಕದ ಹೆಸರು. ಅಮೆರಿಕದ ಸ್ವಾತಂತ್ರ್ಯ ಯುದ್ಧ ಮುಗಿದಾಗ ಬ್ರಿಟಿಷರ ಹಡಗುಗಳಲ್ಲಿ ನ್ಯೂಯಾರ್ಕ್ ಬಿಟ್ಟು ಹೊರಟ ಸುಮಾರು 3,000 ಕಪ್ಪು ಜನರ ವಿವರ ಅದರಲ್ಲಿದೆ. ಹಿಲ್ ಸ್ವತಃ ಕಪ್ಪು ಲೇಖಕ. ಹಳೆಯ ಪದ ನೋಯಿಸುತ್ತದೆ ಎಂಬುದೂ ನಿಜ, ಅದನ್ನು ತೆಗೆದರೆ ಆ ದಾಖಲೆಯ ಹೆಸರು ಮರೆಯಾಗುತ್ತದೆ ಎಂಬುದೂ ನಿಜ. ಇಲ್ಲಿ ಎರಡೂ ಕಡೆ ನ್ಯಾಯವಿದೆ.

ಹೆಸರು ವಿಷಯವನ್ನೇ ಮುಚ್ಚಿಬಿಟ್ಟರೆ?

ಸ್ವೀಡನ್ನಿನ ಪತ್ರಕರ್ತ ಸ್ಟೀಗ್ ಲಾರ್ಸನ್ 2004ರಲ್ಲಿ ತೀರಿಕೊಂಡರು. ಮರುವರ್ಷ ಅವರ ಮೊದಲ ಕಾದಂಬರಿ ಪ್ರಕಟವಾಯಿತು. ಅದರ ಸ್ವೀಡಿಷ್ ಹೆಸರಿನ ಅರ್ಥ ‘ಹೆಣ್ಣುಗಳನ್ನು ದ್ವೇಷಿಸುವ ಗಂಡಸರು’. ಫ್ರೆಂಚ್ ಅನುವಾದದ ಹೆಸರಿನಲ್ಲಿ ಅದು ತುಸು ಮೆತ್ತಗಾಗಿ ‘ಹೆಣ್ಣುಗಳನ್ನು ಪ್ರೀತಿಸದ ಗಂಡಸರು’ ಎಂಬ ಅರ್ಥ ಬಂತು. ಜರ್ಮನ್ ಪ್ರಕಾಶಕರು ಕುರುಡುತನ, ಕಣ್ಕಟ್ಟು ಎಂಬ ಛಾಯೆಯ ಒಂದೇ ಪದ ಇಟ್ಟರು. 2008ರಲ್ಲಿ ಇಂಗ್ಲಿಷಿಗೆ ಬಂದಾಗ ಅದು ‘ದಿ ಗರ್ಲ್ ವಿತ್ ದಿ ಡ್ರ್ಯಾಗನ್ ಟ್ಯಾಟೂ’, ಅಂದರೆ ಡ್ರ್ಯಾಗನ್ ಹಚ್ಚೆಯ ಹುಡುಗಿ.

ಮಾರಾಟದ ದೃಷ್ಟಿಯಿಂದ ಇಂಗ್ಲಿಷ್ ಹೆಸರು ಗೆದ್ದಿತು ಎನ್ನುವುದರಲ್ಲಿ ಅನುಮಾನವಿಲ್ಲ. ಕುತೂಹಲ ಹುಟ್ಟಿಸುತ್ತದೆ, ನೆನಪಿನಲ್ಲಿ ಉಳಿಯುತ್ತದೆ. ಮುಂದಿನ ವರ್ಷಗಳಲ್ಲಿ ‘ಗರ್ಲ್’ ಎಂಬ ಪದವಿರುವ ಥ್ರಿಲ್ಲರ್‌ಗಳು ಸಾಲುಸಾಲಾಗಿ ಬಂದವು. ಆದರೆ ಹೆಸರಿನಲ್ಲಿ ನಡೆದ ಪಲ್ಲಟವನ್ನು ಗಮನಿಸಿ. ಮೂಲ ಹೆಸರು ಬೆರಳು ತೋರಿಸುವುದು ಹಿಂಸೆ ಮಾಡುವ ಗಂಡಸರ ಕಡೆಗೆ. ಇಂಗ್ಲಿಷ್ ಹೆಸರು ತೋರಿಸುವುದು ಒಬ್ಬ ಹುಡುಗಿಯ ಮೈಮೇಲಿನ ಚಿತ್ರದ ಕಡೆಗೆ. ಲಾರ್ಸನ್ ಕಾದಂಬರಿಯ ಭಾಗಗಳ ಆರಂಭದಲ್ಲಿ ಸ್ವೀಡನ್ನಿನ ಮಹಿಳೆಯರ ಮೇಲೆ ನಡೆಯುವ ಹಿಂಸೆಯ ಅಂಕಿಅಂಶಗಳನ್ನು ಇಟ್ಟಿದ್ದರು. ಅವರ ಉದ್ದೇಶ ಏನೆಂದು ಅದರಿಂದಲೇ ತಿಳಿಯುತ್ತದೆ. ಪುಸ್ತಕ ಲಕ್ಷಾಂತರ ಜನರನ್ನು ತಲುಪಿತು ಎಂಬ ಲಾಭದ ಎದುರು, ಅದರ ಮುಖ್ಯ ಆರೋಪವೇ ಹೊದಿಕೆಯಿಂದ ಅಳಿಸಿಹೋಯಿತು ಎಂಬ ನಷ್ಟವನ್ನೂ ಇಟ್ಟು ನೋಡಬೇಕು.

ಬಣ್ಣಕ್ಕೆ ಅರ್ಥ ಬರುವುದು ಎಲ್ಲಿಂದ?

ಹೆಸರಿನಿಂದ ಮುಖಪುಟದ ಚಿತ್ರಕ್ಕೆ ಬರೋಣ. “ಕೆಂಪು ಬಣ್ಣ ಭಯ ಹುಟ್ಟಿಸುತ್ತದೆ, ಹಳದಿ ಖುಷಿ ಕೊಡುತ್ತದೆ, ಅದಕ್ಕೇ ಪ್ರಕಾಶಕರು ಇಂಥ ಬಣ್ಣವನ್ನೇ ಆರಿಸುತ್ತಾರೆ” ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಪುಸ್ತಕಗಳ ಇತಿಹಾಸ ನೋಡಿದರೆ ಚಿತ್ರ ಬೇರೆಯೇ ಇದೆ.

1935ರಲ್ಲಿ ಇಂಗ್ಲೆಂಡಿನಲ್ಲಿ ಪೆಂಗ್ವಿನ್ ಸಂಸ್ಥೆ ಆರು ಪೆನ್ಸಿಗೆ ಒಂದರಂತೆ ಪೇಪರ್‌ಬ್ಯಾಕ್ ಮಾರತೊಡಗಿದಾಗ ಬಣ್ಣದಿಂದಲೇ ಪ್ರಕಾರವನ್ನು ಗುರುತಿಸುವ ಪದ್ಧತಿ ತಂದಿತು. ಕಿತ್ತಳೆ ಎಂದರೆ ಕಾದಂಬರಿ, ಹಸಿರು ಎಂದರೆ ಪತ್ತೇದಾರಿ, ಕಡುನೀಲಿ ಎಂದರೆ ಜೀವನಚರಿತ್ರೆ. ಇಟಲಿಯಲ್ಲಿ ಮೊಂಡಡೋರಿ ಸಂಸ್ಥೆ 1929ರಿಂದ ಪತ್ತೇದಾರಿ ಕಾದಂಬರಿಗಳನ್ನು ಹಳದಿ ಮುಖಪುಟದಲ್ಲಿ ತಂದಿತು. ಅದು ಎಷ್ಟು ಬೇರೂರಿತೆಂದರೆ ಇಂದಿಗೂ ಇಟಾಲಿಯನ್ ಭಾಷೆಯಲ್ಲಿ ಪತ್ತೇದಾರಿ ಕಥೆಯನ್ನು ‘ಜಾಲ್ಲೊ’, ಅಂದರೆ ‘ಹಳದಿ’ ಎಂದೇ ಕರೆಯುತ್ತಾರೆ. ಒಂದೇ ಥರದ ಕಥೆ, ಅದರಲ್ಲೂ ಕೊಲೆಯ ಕಥೆ, ಒಂದು ದೇಶದಲ್ಲಿ ಹಸಿರು, ಇನ್ನೊಂದರಲ್ಲಿ ಹಳದಿ! ಅಂದರೆ ಬಣ್ಣದೊಳಗೆ ಅರ್ಥ ಮೊದಲೇ ಕೂತಿರುವುದಿಲ್ಲ. ಆಯಾ ಊರಿನ ಓದುಗರಿಗೆ ವರ್ಷಗಟ್ಟಲೆ ಆದ ರೂಢಿ ಅದಕ್ಕೆ ಅರ್ಥ ಕೊಡುತ್ತದೆ.

ಇದೇ ಕಾರಣಕ್ಕೆ ಫ್ರಾನ್ಸಿನಲ್ಲಿ ಗಾಲಿಮಾರ್ ಪ್ರಕಾಶನದ ಪ್ರಸಿದ್ಧ ಸಾಹಿತ್ಯ ಮಾಲೆಯ ಪುಸ್ತಕಗಳ ಮೇಲೆ ಚಿತ್ರವೇ ಇರುವುದಿಲ್ಲ. ಕೆನೆ ಬಣ್ಣದ ಹಾಳೆ, ಕಪ್ಪು ಕೆಂಪು ಗೆರೆಗಳ ಚೌಕಟ್ಟು, ಹೆಸರು, ಅಷ್ಟೇ. ಅಲ್ಲಿನ ಓದುಗರಿಗೆ ಆ ಸಾದಾತನವೇ ‘ಇದು ಗಂಭೀರ ಸಾಹಿತ್ಯ’ ಎಂಬ ಸೂಚನೆ. ಅಂಥ ಪುಸ್ತಕ ಇಂಗ್ಲಿಷ್ ಅಂಗಡಿಗೆ ಬರುವಾಗ ಸಾಮಾನ್ಯವಾಗಿ ಚಿತ್ರ ತೊಟ್ಟುಕೊಂಡೇ ಬರುತ್ತದೆ. ಜಪಾನಿನಲ್ಲಿ ಮುಖಪುಟದ ಕೆಳಭಾಗಕ್ಕೆ ‘ಒಬಿ’ ಎಂಬ ಕಾಗದದ ಪಟ್ಟಿ ಸುತ್ತಿ, ಜಾಹೀರಾತಿನ ಮಾತನ್ನೆಲ್ಲ ಅದರ ಮೇಲೆ ಅಚ್ಚುಹಾಕುತ್ತಾರೆ. ಹೀಗೆ ಪ್ರತಿ ಮಾರುಕಟ್ಟೆಗೂ ತನ್ನದೇ ಸಂಕೇತಗಳಿವೆ.

ವಯಸ್ಸೂ ಒಂದು ಮಾರುಕಟ್ಟೆ. ಹ್ಯಾರಿ ಪಾಟರ್ ಪುಸ್ತಕವನ್ನು ದೊಡ್ಡವರೂ ಓದುತ್ತಿದ್ದಾರೆಂದು ತಿಳಿದ ಬ್ರಿಟಿಷ್ ಪ್ರಕಾಶಕರು 1998ರಲ್ಲಿ ಕಪ್ಪು ಬಿಳುಪು ಛಾಯಾಚಿತ್ರದ ಮುಖಪುಟವಿರುವ ಪ್ರತ್ಯೇಕ ಆವೃತ್ತಿ ತಂದರು. ಒಳಗೆ ಅಕ್ಷರವೂ ಬದಲಾಗಿಲ್ಲ. ರೈಲಿನಲ್ಲಿ ಮಕ್ಕಳ ಪುಸ್ತಕ ಹಿಡಿದು ಕೂರಲು ನಾಚುವವರಿಗೆ ಒಂದು ಮರೆ, ಅಷ್ಟೇ. ಲೇಖಕಿಯ ಹೆಸರೂ ಇಂಥದೇ ಲೆಕ್ಕಾಚಾರದ ಫಲ. ಹೆಂಗಸು ಬರೆದದ್ದೆಂದು ಗೊತ್ತಾದರೆ ಹುಡುಗರು ಓದಲಿಕ್ಕಿಲ್ಲ ಎಂಬ ಶಂಕೆಯಿಂದ ಜೋಆನ್ ಎಂಬ ಹೆಸರು ಮರೆಯಾಗಿ ‘ಜೆ. ಕೆ.’ ಬಂತು.

ಮುಖಪುಟ ಸುಳ್ಳು ಹೇಳಿದಾಗ

ಈವರೆಗಿನ ಉದಾಹರಣೆಗಳಲ್ಲಿ ಹೆಚ್ಚಿನವು ಓದುಗರ ರೂಢಿಗೆ ಹೊಂದಿಕೊಳ್ಳುವ ಪ್ರಯತ್ನಗಳು. ಆದರೆ ‘ಓದುಗರ ಅಭಿರುಚಿ’ ಎಂಬ ಮಾತಿನ ಮರೆಯಲ್ಲಿ ಅನ್ಯಾಯವೂ ನಡೆಯುತ್ತದೆ.

2009ರಲ್ಲಿ ಆಸ್ಟ್ರೇಲಿಯಾದ ಲೇಖಕಿ ಜಸ್ಟೀನ್ ಲಾರ್ಬಲೆಸ್ಟಿಯರ್ ಅವರ ‘ಲಯರ್’ ಎಂಬ ಕಾದಂಬರಿ ಪ್ರಕಟಣೆಗೆ ಸಿದ್ಧವಾಗಿತ್ತು. ಅದರ ನಾಯಕಿ ಗಿಡ್ಡ ಕೂದಲಿನ ಕಪ್ಪು ಹುಡುಗಿ. ಆಸ್ಟ್ರೇಲಿಯಾದ ಮುಖಪುಟದಲ್ಲಿ ಮುಖವೇ ಇರಲಿಲ್ಲ, ಅಕ್ಷರಗಳಷ್ಟೇ. ಅಮೆರಿಕದ ಮುಖಪುಟದಲ್ಲಿ ಮಾತ್ರ ಉದ್ದ ನೇರ ಕೂದಲಿನ ಬಿಳಿಯ ಹುಡುಗಿ ಕಾಣಿಸಿಕೊಂಡಳು. ನಾಯಕಿ ಮಾತುಮಾತಿಗೆ ಸುಳ್ಳು ಹೇಳುವವಳಾದ್ದರಿಂದ, ಅವಳು ತನ್ನ ಮೈಬಣ್ಣದ ಬಗ್ಗೆಯೂ ಸುಳ್ಳು ಹೇಳುತ್ತಿದ್ದಾಳೆ ಎಂದು ಓದುಗರು ತಿಳಿಯುವ ಅಪಾಯವಿತ್ತು. ಲೇಖಕಿ ಬಹಿರಂಗವಾಗಿ ಆಕ್ಷೇಪಿಸಿದರು, ಓದುಗರೂ ದನಿಗೂಡಿಸಿದರು. ಪ್ರಕಾಶಕರು ಬಿಡುಗಡೆಗೆ ಮುಂಚೆಯೇ ಮುಖಪುಟ ಬದಲಿಸಿದರು.

ಆಗ ಚರ್ಚೆಗೆ ಬಂದದ್ದು ಉದ್ಯಮದ ಒಂದು ಹಳೆಯ ನಂಬಿಕೆ: ಕಪ್ಪು ಮುಖವಿರುವ ಮುಖಪುಟಗಳು ಮಾರಾಟವಾಗುವುದಿಲ್ಲ. ಈ ವಾದ ಹೇಗೆ ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತದೆ ನೋಡಿ. ಮಾರಾಟವಾಗದು ಎಂದು ಅಂಥ ಪುಸ್ತಕಗಳನ್ನು ಕಡಿಮೆ ಅಚ್ಚು ಹಾಕುತ್ತಾರೆ, ಅಂಗಡಿಯ ಹಿಂದಿನ ಸಾಲಿಗೆ ತಳ್ಳುತ್ತಾರೆ, ಪ್ರಚಾರಕ್ಕೆ ದುಡ್ಡು ಹಾಕುವುದಿಲ್ಲ. ಆಮೇಲೆ ಮಾರಾಟ ಕಡಿಮೆ ಬಂದಾಗ “ನೋಡಿ, ನಾವು ಹೇಳಿರಲಿಲ್ಲವೇ?” ಎನ್ನುತ್ತಾರೆ. ಮುಖಪುಟ ಒಂದರಿಂದಲೇ ಎಷ್ಟು ಪ್ರತಿ ಹೋಯಿತು ಎಂದು ಬೇರ್ಪಡಿಸಿ ಅಳೆಯುವುದು ಬಹಳ ಕಷ್ಟ. ಬೆಲೆ, ವಿಮರ್ಶೆ, ಲೇಖಕರ ಹೆಸರು, ಅಂಗಡಿಯಲ್ಲಿ ಇಟ್ಟ ಜಾಗ ಎಲ್ಲವೂ ಒಟ್ಟಿಗೇ ಕೆಲಸ ಮಾಡುತ್ತವೆ. ಹಾಗಾಗಿ “ಮಾರುಕಟ್ಟೆ ಕೇಳುವುದು ಇದನ್ನೇ” ಎನ್ನುವಾಗ ಅದು ಪುರಾವೆಯೋ ಊಹೆಯೋ ಎಂದು ಕೇಳಬೇಕು.

ಇನ್ನೊಂದು ಉದಾಹರಣೆ ವ್ಲಾಡಿಮಿರ್ ನಬೊಕೊವ್‌ನ ‘ಲೋಲಿಟಾ’. 1955ರಲ್ಲಿ ಪ್ಯಾರಿಸ್ಸಿನಲ್ಲಿ ಬಂದ ಮೊದಲ ಆವೃತ್ತಿಗೆ ಬರೀ ಹಸಿರು ಹೊದಿಕೆಯಿತ್ತು. ಅಮೆರಿಕದ ಆವೃತ್ತಿ ಸಿದ್ಧವಾಗುವಾಗ ಮುಖಪುಟದಲ್ಲಿ ಹುಡುಗಿಯ ಚಿತ್ರ ಬೇಡವೆಂದು ಲೇಖಕರು ಸ್ಪಷ್ಟವಾಗಿ ಹೇಳಿದ್ದರು. ಕಥೆ ಹನ್ನೆರಡು ವರ್ಷದ ಬಾಲಕಿಯ ಮೇಲೆ ಮಧ್ಯವಯಸ್ಸಿನವನೊಬ್ಬ ನಡೆಸುವ ಲೈಂಗಿಕ ದೌರ್ಜನ್ಯದ್ದು. ಹೇಳುವವನೂ ಅವನೇ, ತನ್ನನ್ನು ಸಮರ್ಥಿಸಿಕೊಳ್ಳುವವನೂ ಅವನೇ. 1962ರ ಚಲನಚಿತ್ರದ ಪೋಸ್ಟರಿನಲ್ಲಿ ಹೃದಯಾಕಾರದ ಕೆಂಪು ಕನ್ನಡಕ ತೊಟ್ಟ ಹುಡುಗಿ ಬಂದಳು. ಅಲ್ಲಿಂದ ಮುಂದೆ ಅನೇಕ ಆವೃತ್ತಿಗಳು ಅದೇ ದಾರಿ ಹಿಡಿದವು. ಪುಸ್ತಕ ಯಾವ ನೋಟವನ್ನು ಕಟಕಟೆಯಲ್ಲಿ ನಿಲ್ಲಿಸುತ್ತದೋ ಮುಖಪುಟ ಅದೇ ನೋಟವನ್ನು ಓದುಗನ ಕಣ್ಣಿಗೆ ಹಚ್ಚಿತು.

ಇಡೀ ಭೂಖಂಡಕ್ಕೇ ಹೀಗಾಗುವುದೂ ಉಂಟು. ಆಫ್ರಿಕಾ ಕುರಿತ ಮೂವತ್ತಕ್ಕೂ ಹೆಚ್ಚು ಪುಸ್ತಕಗಳ ಮುಖಪುಟಗಳನ್ನು ಜೋಡಿಸಿದ ಒಂದು ಚಿತ್ರ 2014ರಲ್ಲಿ ಅಂತರ್ಜಾಲದಲ್ಲಿ ಹರಿದಾಡಿತು. ಬೇರೆ ಬೇರೆ ದೇಶದ, ಬೇರೆ ಬೇರೆ ಕಾಲದ ಕಥೆಗಳು. ಮುಖಪುಟದಲ್ಲಿ ಮಾತ್ರ ಅದೇ ಕಿತ್ತಳೆ ಸೂರ್ಯಾಸ್ತ, ಅದೇ ಜಾಲಿ ಜಾತಿಯ ಒಂಟಿ ಮರ. ದಕ್ಷಿಣ ಏಷ್ಯಾದ ಪಾಲಿಗೆ ಬಂದಿರುವುದು ಸೀರೆಯ ಸೆರಗು, ಮೆಹಂದಿ ಹಚ್ಚಿದ ಕೈ, ಮಸಾಲೆ, ಮಾವಿನಹಣ್ಣು. ಬಂಗಾಳಿ ಮೂಲದ ಅಮೆರಿಕನ್ ಲೇಖಕಿ ಝುಂಪಾ ಲಾಹಿರಿ ಮುಖಪುಟಗಳ ಬಗ್ಗೆಯೇ ಒಂದು ಪುಟ್ಟ ಪುಸ್ತಕ ಬರೆದಿದ್ದಾರೆ. ತಮ್ಮ ಹೆಸರು, ಮೂಲ ನೋಡಿ ಪ್ರಕಾಶಕರು ಇಂಥದೇ ಚಿತ್ರಗಳನ್ನು ತಮ್ಮ ಪುಸ್ತಕಗಳ ಮೇಲೆ ಹೇರುವ ಬೇಸರ ಅದರಲ್ಲಿದೆ. ಅವರ ಪಾತ್ರಗಳಲ್ಲಿ ಎಷ್ಟೋ ಮಂದಿ ಬದುಕುವುದು ಅಮೆರಿಕದ ಬಡಾವಣೆಗಳಲ್ಲಿ ಎಂಬುದನ್ನು ನೆನೆದರೆ ಆ ಬೇಸರ ಅರ್ಥವಾಗುತ್ತದೆ.

ಕನ್ನಡದ ಪುಸ್ತಕ ಹೊರಟಾಗ, ಕನ್ನಡಕ್ಕೆ ಪುಸ್ತಕ ಬಂದಾಗ

ಹಾಗಾದರೆ ನಮ್ಮ ಪುಸ್ತಕಗಳು ಹೊರಗೆ ಹೋಗುವಾಗ ಏನಾಗಿದೆ? ಒಂದೇ ಉತ್ತರವಿಲ್ಲ, ಹಲವು ದಾರಿಗಳಿವೆ.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಎ. ಕೆ. ರಾಮಾನುಜನ್ ಇಂಗ್ಲಿಷಿಗೆ ತಂದದ್ದು 1976ರಲ್ಲಿ. ಹೆಣದ ಕ್ರಿಯೆ, ಒಳ್ಳೆಯ ನಡತೆ, ಮಾಗುವಿಕೆ ಹೀಗೆ ಆ ಪದಕ್ಕಿರುವ ಎಲ್ಲ ಅರ್ಥಗಳೂ ಕಾದಂಬರಿಗೆ ಬೇಕು. ರಾಮಾನುಜನ್ ಪದವನ್ನು ಹಾಗೆಯೇ ಉಳಿಸಿ, ಸತ್ತವನೊಬ್ಬನಿಗೆ ಮಾಡುವ ವಿಧಿ ಎಂಬ ಅರ್ಥದ ಉಪಶೀರ್ಷಿಕೆ ಸೇರಿಸಿದರು. ಜೊತೆಗೆ ಕಿಟೆಲ್ ನಿಘಂಟು ಆ ಪದಕ್ಕೆ ಕೊಡುವ ಅರ್ಥಗಳನ್ನು ಪುಸ್ತಕದ ಆರಂಭದಲ್ಲೇ ಇಟ್ಟರು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಯಾವ ನಿಘಂಟಿನಲ್ಲೂ ಸಿಗುವ ಪದವಲ್ಲ. ಬಿಡಿಸಲಾಗದಂತೆ ಗೋಜಲಾದದ್ದಕ್ಕೆ ಕಥೆಯ ಒಂದು ಕುಟುಂಬ ಮಾತ್ರ ಬಳಸುವ ಪದ ಅದು. ಕನ್ನಡದ ಓದುಗನಿಗೂ ಮೊದಲ ನೋಟಕ್ಕೆ ಅದು ಅಪರಿಚಿತವೇ. ಆದ್ದರಿಂದ ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದದಲ್ಲೂ ಅದು ಹಾಗೇ ಉಳಿದದ್ದು ಸರಿಯಾಗಿಯೇ ಇದೆ. ಇಲ್ಲಿಯ ಓದುಗನೂ ಅಲ್ಲಿಯ ಓದುಗನೂ ಒಂದೇ ಕುತೂಹಲದಿಂದ ಪುಟ ತಿರುಗಿಸುತ್ತಾರೆ. ಅರ್ಥವಾಗದ ಹೆಸರಿದ್ದರೆ ಪುಸ್ತಕ ಹೋಗದು ಎಂಬ ನಂಬಿಕೆಗೆ ಇದೊಂದು ಒಳ್ಳೆಯ ಉತ್ತರ.

ಬದಲಾವಣೆಯಿಂದ ಲಾಭವೂ ಆಗಬಹುದು. ಗಿರೀಶ ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ದ ಧಾರವಾಡದ ಸೊಗಡು ಬೇರೆ ಭಾಷೆಗೆ ಬರುವಂಥದ್ದಲ್ಲ. 2021ರಲ್ಲಿ ಬಂದ ಇಂಗ್ಲಿಷ್ ಆವೃತ್ತಿ ‘ದಿಸ್ ಲೈಫ್ ಅಟ್ ಪ್ಲೇ’. ಇಂಗ್ಲಿಷಿನ ‘ಪ್ಲೇ’ ಎಂದರೆ ಆಟವೂ ಹೌದು, ನಾಟಕವೂ ಹೌದು. ನಾಟಕಕಾರನ ಬದುಕಿಗೆ ಇದಕ್ಕಿಂತ ಒಪ್ಪುವ ಶ್ಲೇಷೆ ಸಿಗುವುದು ಕಷ್ಟ. ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆಯಿತು. ‘ಎದೆಯ ಹಣತೆ’ ಎಂಬ ಕಥೆಯ ಹೆಸರೇ ಆ ಸಂಕಲನಕ್ಕೂ ಬಂದಿದೆ. ಇಂಗ್ಲಿಷಿನ ‘ಲ್ಯಾಂಪ್’ ವಿದ್ಯುತ್ ದೀಪವೂ ಆಗಬಹುದು. ಹಣತೆಯ ಮಣ್ಣು, ಎಣ್ಣೆ, ಬತ್ತಿ ಆ ಪದದಲ್ಲಿಲ್ಲ. ಆದರೆ ಎದೆ ಮತ್ತು ಬೆಳಕು ಎರಡೂ ಉಳಿದಿವೆ, ಎರಡು ಚಿಕ್ಕ ಪದಗಳ ಬಿಗಿಯೂ ಉಳಿದಿದೆ.

ಕನ್ನಡಕ್ಕೆ ಬರುವಾಗ ನಾವೂ ಇದನ್ನೇ ಮಾಡುತ್ತೇವೆ. ಸ್ಲಾವೊಮಿರ್ ರಾವಿಜ್‌ನ ‘ದಿ ಲಾಂಗ್ ವಾಕ್’ ಎಂದರೆ ಬರೀ ದೀರ್ಘ ನಡಿಗೆ. ಪೂರ್ಣಚಂದ್ರ ತೇಜಸ್ವಿಯವರ ಕೈಯಲ್ಲಿ ಅದು ‘ಮಹಾಪಲಾಯನ’ವಾಯಿತು. ಜಿಮ್ ಕಾರ್ಬೆಟ್‌ನ ರುದ್ರಪ್ರಯಾಗದ ನರಭಕ್ಷಕ ಚಿರತೆಯ ಪುಸ್ತಕದ ಹೆಸರಿಗೆ ಅವರು ‘ಭಯಾನಕ’ ಸೇರಿಸಿದರು, ಚಿರತೆಯನ್ನು ಹೆಸರಿನಿಂದ ಕೈಬಿಟ್ಟರು. ಎರಡೂ ಓದುಗನನ್ನು ಹಿಡಿದೆಳೆಯುವ ಹೆಸರುಗಳೇ. ಆದರೆ ಪುಸ್ತಕದೊಳಗೆ ಇಲ್ಲದ್ದನ್ನು ಅವು ಹೇಳುವುದಿಲ್ಲ. ಪಲಾಯನವೂ ಇದೆ, ಭಯವೂ ಇದೆ.

ಓದುಗರು ಮಾಡಬಹುದಾದದ್ದು

ಮೊದಲು ಜೇಬಿನ ಮಾತು. ಹಳೆಯ ಪುಸ್ತಕ ಕೊಳ್ಳುವಾಗ ಶೀರ್ಷಿಕೆ ಪುಟದ ಹಿಂಬದಿಯನ್ನು ನೋಡಿ. ಮೊದಲ ಪ್ರಕಟಣೆಯ ವರ್ಷ, ಬೇರೆ ದೇಶದ ಹೆಸರು, ಅನುವಾದವಾದರೆ ಮೂಲದ ಹೆಸರು ಸಾಮಾನ್ಯವಾಗಿ ಅಲ್ಲಿರುತ್ತವೆ. ಐಎಸ್‌ಬಿಎನ್ ಸಂಖ್ಯೆ ಬೇರೆಯಾಗಿದೆ ಎಂದ ಮಾತ್ರಕ್ಕೆ ಪುಸ್ತಕ ಬೇರೆ ಎಂದುಕೊಳ್ಳಬೇಡಿ. ಗಟ್ಟಿ ರಟ್ಟಿನ ಆವೃತ್ತಿ, ಪೇಪರ್‌ಬ್ಯಾಕ್, ಬೇರೆ ಹೆಸರಿನ ಆವೃತ್ತಿ ಎಲ್ಲಕ್ಕೂ ಬೇರೆ ಬೇರೆ ಸಂಖ್ಯೆ ಕೊಡುತ್ತಾರೆ.

ಎರಡನೆಯದು ಓದಿನ ಮಾತು. ಮುಖಪುಟ, ಹೆಸರು ಪುಸ್ತಕದ ಸಾರಾಂಶವಲ್ಲ. ಒಂದು ಊರಿನ ಓದುಗರಿಗೆ ಪ್ರಕಾಶಕರು ಕೊಡುವ ಭರವಸೆ. ಅದನ್ನು ಅಳೆಯಲು ಮೂರು ಪ್ರಶ್ನೆ ಸಾಕು. ಈ ಬದಲಾವಣೆ ಓದುಗರಿಗೆ ದಾರಿ ಮಾಡಿಕೊಡುತ್ತದೆಯೇ, ಅಥವಾ ಓದುಗರಿಗೆ ಏನೂ ಗೊತ್ತಾಗದು ಎಂದುಕೊಳ್ಳುತ್ತದೆಯೇ? ಪುಸ್ತಕದ ಮುಖ್ಯ ಮಾತು ಹೊಸ ಹೆಸರಿನಲ್ಲಿ ಉಳಿದಿದೆಯೇ? ಪುಸ್ತಕದೊಳಗಿನ ಜನ ಆ ಮುಖಪುಟವನ್ನು ನೋಡಿದರೆ ‘ಇದು ನಾವೇ’ ಎನ್ನುತ್ತಾರೆಯೇ?

ಪಾರಸ್ ಪತ್ಥರ್, ಮಹಾಪಲಾಯನ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ‘ಲಯರ್’ನ ಮೊದಲ ಅಮೆರಿಕನ್ ಮುಖಪುಟ ಮೂರನೆಯ ಪ್ರಶ್ನೆಯಲ್ಲೇ ಸೋಲುತ್ತದೆ. ಅದನ್ನು ಬದಲಾಯಿಸಿದ್ದು ಲೇಖಕಿ ಮತ್ತು ಓದುಗರು ಕೂಡಿ ಎತ್ತಿದ ದನಿ ಎಂಬುದನ್ನು ಮರೆಯಬಾರದು. ಮುಂದೊಮ್ಮೆ ಕನ್ನಡದ ಕಥೆಯೊಂದು ಬೇರೆ ದೇಶದ ಅಂಗಡಿಯಲ್ಲಿ ಅದಕ್ಕೆ ಸಂಬಂಧವೇ ಇಲ್ಲದ ಮೆಹಂದಿಯ ಕೈ ಹೊತ್ತು ನಿಂತಿದ್ದರೆ, “ಇದು ನಮ್ಮ ಕಥೆಯ ಮುಖವಲ್ಲ” ಎಂದು ಹೇಳಬೇಕಾದವರಲ್ಲಿ ನಾವೂ ಇರುತ್ತೇವೆ.